ಹುಲೆಪ್ಪನ ಚೀಟಿ, ನನ್ನ ಗಂಟು

ಖಂಡೇನವಮಿ ಬಂದರೆ ನನಗೆ ಸಿಟ್ಟು ಬರುತ್ತದೆ. ಊರಿಗೆ ಊರೇ ಟ್ರ್ಯಾಕ್ಟರು, ಮಗ್ಗ, ತಕ್ಕಡಿ ತೊಳೆದು ಕುಂಕುಮ ಹಚ್ಚುವ ದಿನ ನಾನು ಒಳಕೋಣೆಯಲ್ಲಿ ಕೂತು ಹಲ್ಲು ಕಡಿಯುತ್ತಿರುತ್ತೇನೆ. ಮೊದಮೊದಲು ಮನೆಯವರು ಯಾಕೆಂದು ಕೇಳುತ್ತಿದ್ದರು. ಈಗ ಕೇಳುವುದನ್ನು ಬಿಟ್ಟು, ನನ್ನ ಪಾಲಿನ ಹೋಳಿಗೆಯನ್ನು ತಾಟಿನಲ್ಲಿ ಮುಚ್ಚಿಟ್ಟು ತಮ್ಮ ಪಾಡಿಗೆ ಹಬ್ಬ ಮಾಡುತ್ತಾರೆ. ನನ್ನ ಸಿಟ್ಟು ಮೂವರ ಮೇಲೆ. ಒಬ್ಬರು ನಾನು ಕೆಲಸ ಮಾಡಿದ ಸಕ್ಕರೆ ಕಾರ್ಖಾನೆಯ ಅಧ್ಯಕ್ಷರು. ಇನ್ನೊಬ್ಬ ಅಲ್ಲಿನ ಮ್ಯಾನೇಜರ್ ಗಂಗಾರಾಮ. ಮೂರನೆಯವನು ನಾನೇ.

ಕಾರ್ಖಾನೆ ಯಾವುದೆಂದು ಹೇಳುವುದಿಲ್ಲ. ಮುಧೋಳದಿಂದ ಬೀಳಗಿಯ ಕಡೆ ಹೊರಟರೆ ಕಬ್ಬಿನ ಗದ್ದೆಗಳ ನಡುವೆ ಹೊಗೆಕೊಳವೆ ಕಾಣುವ ಜಾಗಗಳು ಒಂದೆರಡಲ್ಲ, ಅವುಗಳಲ್ಲಿ ಇದೂ ಒಂದು ಎಂದುಕೊಳ್ಳಿ. ಅಲ್ಲಿ ನಾನು ಆಫೀಸಿನ ಗುಮಾಸ್ತ. ಹೆಸರು ನಾಮದೇವ, ಬನಹಟ್ಟಿಯವನು. ನಮ್ಮಪ್ಪ ಸಾಯುವ ತನಕ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು. ಹರಿದ ಎಳೆಗೆ ಹಾಕುವ ಗಂಟನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವ ಗಂಟು ಅದು. ಸಾಸಿವೆಯಷ್ಟು ಸಣ್ಣದು, ಎಳೆದಷ್ಟೂ ಬಿಗಿ. ಟೈಪ್ ಮಾಡುವುದು ಕಲಿತು, ಪಗಾರದ ನೌಕರಿ ಹಿಡಿದು, ಪ್ಯಾಂಟು ಹಾಕಿಕೊಂಡರೂ ಬೆರಳಿಗೆ ಆ ಗಂಟು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಈಗ ಹುಲೆಪ್ಪನ ಮಾತು. ಅವನು ಗಲಗಲಿಯವನು, ಕೃಷ್ಣಾ ಹೊಳೆಯ ದಂಡೆಯ ಮೇಲೆ ಬೆಳೆದವನು. ಹದಿನೆಂಟು ತುಂಬುತ್ತಲೇ ಬೆಳಗಾವಿಗೆ ಹೋಗಿ ಸೈನ್ಯ ಸೇರಿದ. ಹತ್ತೊಂಬತ್ತು ವರ್ಷ ದುಡಿದ, ಎರಡು ಯುದ್ಧ ಕಂಡ. ಆದರೆ ಅವನದು ಗುಂಡು ಹಾರಿಸುವ ಕೆಲಸವಲ್ಲ, ಹಾರಿಸುವವರ ಬಂದೂಕನ್ನು ಬಿಚ್ಚಿ, ಒರೆಸಿ, ಸರಿಮಾಡಿ ಕೊಡುವ ಕೆಲಸ. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ನಮ್ಮ ಕಾರ್ಖಾನೆಯ ಕಾವಲುಗಾರರ ಮುಖ್ಯಸ್ಥನಾದ. ಗೇಟಿನ ಪಕ್ಕದ ಬಂದೂಕಿನ ಕೋಣೆ ಅವನ ತಾಬೆಯಲ್ಲಿತ್ತು. ಆರು ಬಂದೂಕು, ಆರೂ ಹಳೆಯವು. ಪ್ರತಿ ಶನಿವಾರ ಅವನ್ನು ಬಿಚ್ಚುತ್ತಿದ್ದ. ನೋಡಿ ಮುಗಿದ ಮೇಲೆ ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟುತ್ತಿದ್ದ. ಚೀಟಿಯ ಮೇಲೆ ತಾರೀಖು, ‘ಬಿಚ್ಚಿ ನೋಡಿದೆ, ಸ್ವಚ್ಛ’ ಎಂಬ ಮೂರು ಮಾತು, ಕೆಳಗೆ ಅವನ ಸಹಿ. ದಾರ ಕಟ್ಟುವುದಕ್ಕೂ ಅವನದೇ ರೀತಿ, ಎರಡು ಸುತ್ತು ಸುತ್ತಿ ಒಂದು ಉದ್ದ ಕುಣಿಕೆ. ಅದನ್ನು ಸೈನ್ಯದಲ್ಲಿ ಕಲಿತದ್ದು ಎನ್ನುತ್ತಿದ್ದ.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಬಂದೂಕನ್ನು ಗೋಡೆಗೆ ಆನಿಸಿಟ್ಟು ಬೀಡಿ ಹಚ್ಚಿದ ಕಾವಲುಗಾರನೊಬ್ಬನನ್ನು ಗೇಟಿನ ಎದುರಿಗೇ ಕಪಾಳಕ್ಕೆ ಬಾರಿಸಿದ್ದ. ತನ್ನ ಸ್ವಂತ ಮಗಳ ಮದುವೆಯಲ್ಲಿ ಬೀಗರ ಕಡೆಯವರು ಗಾಳಿಯಲ್ಲಿ ಗುಂಡು ಹಾರಿಸಲು ನಿಂತಾಗ ರೊಟ್ಟಿಯ ಬುಟ್ಟಿ ಹಿಡಿದು ಹೋಗಿ, ಎಲ್ಲರ ಬಂದೂಕಿನ ತೋಟಾಗಳನ್ನು ಅದರಲ್ಲಿ ಹಾಕಿಸಿಕೊಂಡು, ಬುಟ್ಟಿಯ ಮೇಲೆ ತಾನೇ ಕೂತಿದ್ದ. ಮದುಮಗನಿಗೆ ಅಕ್ಷತೆ ಹಾಕಲಿಕ್ಕೂ ಏಳಲಿಲ್ಲ. ಹೆಂಡತಿ ಸಾತವ್ವ ಹಣೆ ಹಣೆ ಬಡಿದುಕೊಂಡು, “ಇವ್ರು ಉಣ್ಣೂ ತಾಟನೂ ಬಿಚ್ಚಿ ನೋಡೇ ಉಣ್ಣವ್ರು” ಎಂದಿದ್ದಳು. ಜನ ನಕ್ಕರು. ಹುಲೆಪ್ಪ ನಗಲಿಲ್ಲ. ಅವನ ತಾಬೆಯ ಹತ್ಯಾರದಿಂದ ಇಷ್ಟು ವರ್ಷ ಯಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ. ಅವನಿಗೆ ಹೊಲ ಇರಲಿಲ್ಲ, ವಾಸದ ಮನೆಯೂ ಅಣ್ಣತಮ್ಮಂದಿರ ಪಾಲಿನದು. ಇದ್ದದ್ದು ಆ ಚೀಟಿಯ ಮೇಲಿನ ಸಹಿಗೆ ಇದ್ದ ಬೆಲೆ ಒಂದೇ.

ತೊಂಬತ್ಮೂರನೇ ಇಸವಿಯಲ್ಲಿ ದಸರೆಯ ಹೊತ್ತಿಗೆ ಕಾರ್ಖಾನೆಗೆ ಹೊಸ ಪಿಸ್ತೂಲು ಬಂತು. ಅಧ್ಯಕ್ಷರಿಗೆ ಅಂಗರಕ್ಷಕ ಬೇಕು, ಅಂಗರಕ್ಷಕನಿಗೆ ಪಿಸ್ತೂಲು ಬೇಕು. ಅವರ ಮೇಲೆ ಕಲ್ಲೆಸೆಯುವಷ್ಟು ಪುರುಸೊತ್ತು ಇಡೀ ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ ಎಂಬ ಮಾತು ಬೇರೆ. ಪಿಸ್ತೂಲು ಸೆಮಿ ಆಟೊಮ್ಯಾಟಿಕ್. ಅಂದರೆ ಮೇಲಿನ ಭಾಗವನ್ನು ಒಮ್ಮೆ ಹಿಂದಕ್ಕೆಳೆದು ಬಿಟ್ಟರೆ ಹಿಡಿಕೆಯೊಳಗಿನ ಎಂಟು ಗುಂಡುಗಳಲ್ಲಿ ಒಂದು ನಳಿಗೆಗೆ ಹೋಗಿ ಕೂರುತ್ತದೆ. ಕುದುರೆ ಒತ್ತಿದರೆ ಹಾರುತ್ತದೆ, ಆ ಪೆಟ್ಟಿಗೇ ಮುಂದಿನದು ತಾನಾಗಿ ಬಂದು ಕೂರುತ್ತದೆ. ಹುಲೆಪ್ಪ ಅದನ್ನು ಖಂಡೇನವಮಿಯ ಹಿಂದಿನ ದಿನ ಬಿಚ್ಚಿದ. ಹೊಸ ಗ್ರೀಸು ತೆಗೆದು ಒಣಗಿಸಿ ಒರೆಸಿದ. ಊಟಕ್ಕೆ ಕರೆಯಲು ಹೋದ ನನಗೆ ಒಳಗಿನ ಸೂಜಿಯೊಂದನ್ನು ಬೆರಳ ಮೇಲಿಟ್ಟು ತೋರಿಸಿದ.

“ನೋಡ್ ನಾಮದೇವ, ಇದರ ಜೀಂವ ಇರೂದು ಇಲ್ಲಿ. ಕುದರಿ ಒತ್ತಿದಾಗ ಈ ಸೂಜಿ ಮುಂದ ಹೋಗಿ ಗುಂಡಿನ ಬುಡಕ್ಕ ಚುಚ್ಚಿ ಹಿಂದ ಬರಬೇಕು. ಹಿಂದ ಬರದ ಮುಂದ ಸಿಕ್ಕೊಂಡು ನಿಂತ್ರ, ಕುದರಿ ಮುಟ್ಟೂದೂ ಬ್ಯಾಡ. ಗುಂಡು ಬಂದು ಕುಂತಕೂಡ್ಲೆ ಹಾರತೈತಿ. ಒಂದರ ಹಿಂದ ಒಂದು.”

ಆಮೇಲೆ ಜೋಡಿಸಿ, ಚೀಟಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ.

ನಮ್ಮ ಕಾರ್ಖಾನೆಯಲ್ಲೊಂದು ಪದ್ಧತಿ ಇತ್ತು. ಖಂಡೇನವಮಿಗೆ ಹೊಸ ಕಬ್ಬು ಹಿಂಡಿ, ಮೊದಲ ಹಾಲನ್ನು ತಂಬಿಗೆಯಲ್ಲಿ ಹಿಡಿದು ಎಲ್ಲ ಯಂತ್ರಗಳ ಮೇಲೆ ಚಿಮುಕಿಸುವುದು. ಗಾಣಕ್ಕೆ, ಬಾಯ್ಲರಿಗೆ, ಲಾರಿಗಳಿಗೆ, ಕೊನೆಗೆ ನನ್ನ ಟೈಪ್‌ರೈಟರಿಗೂ ನಾಲ್ಕು ಹನಿ. ನನ್ನ ‘ಕ’ ಅಕ್ಷರ ದೀಪಾವಳಿಯ ತನಕ ಅಂಟಿಕೊಳ್ಳುತ್ತಿತ್ತು. ಅಷ್ಟಾದರೂ ನಮ್ಮ ಯಾರ ತಲೆಗೂ ಏನೂ ಹೊಳೆಯಲಿಲ್ಲ. ಬಂದೂಕುಗಳನ್ನು ಮಾತ್ರ ಹುಲೆಪ್ಪ ಬಟ್ಟೆ ಮುಚ್ಚಿಯೇ ಪೂಜೆಗಿಡುತ್ತಿದ್ದ. ಹೂವು ಬಟ್ಟೆಯ ಮೇಲೆ, ಕುಂಕುಮ ಬಟ್ಟೆಗೆ. ಆ ವರ್ಷವೂ ಪಿಸ್ತೂಲನ್ನು ಹಾಗೆಯೇ ಹಲಗೆಯ ಮೇಲಿಟ್ಟು, “ಅರಬಿ ತಗೀಬ್ಯಾಡ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಗಂಗಾರಾಮ ಅವನನ್ನು ಗೇಟಿಗೆ ಕಳಿಸಿದ. ಅತಿಥಿಗಳ ಗಾಡಿ ನಿಲ್ಲಿಸುವವರು ಬೇಕಾಗಿತ್ತಂತೆ.

ಅವನು ಅತ್ತ ಹೋದ, ಅಧ್ಯಕ್ಷರು ತಂಬಿಗೆ ಹಿಡಿದು ಇತ್ತ ಬಂದರು.

“ಎಲ್ಲಾದಕ್ಕೂ ಹಾಲು ಹಾಕಿ ಇದೊಂದನ್ನ ಯಾಕ ಬಿಡೂದು? ತಗೀಲೇ ಅರಬಿ.”

ಬಟ್ಟೆ ತೆಗೆದರು. ನಳಿಗೆಗೆ ವಿಭೂತಿ ಎಳೆದು ಕುಂಕುಮ ಹಚ್ಚಲು ಚೀಟಿ ಅಡ್ಡ ಬಂತು. “ಆ ಚೀಟಿ ಬಿಚ್ಚೋ ನಾಮದೇವ” ಎಂದರು. ನಾನು ಬಿಚ್ಚಿದೆ. ಅವರು ಮೇಲಿನ ಭಾಗವನ್ನು ಸಿನಿಮಾದವರಂತೆ ಹಿಂದಕ್ಕೆ ಜಗ್ಗಿ ಹಿಡಿದು, “ಒಳಗೂ ಪೂಜಿ ಆಗ್ಲಿ” ಎನ್ನುತ್ತ ಕಬ್ಬಿನ ಹಾಲು ಸುರಿದರು. ಹನಿಸಲಿಲ್ಲ, ಸುರಿದರು. ಹುಲೆಪ್ಪ ಹಿಂದಿನ ದಿನ ತೋರಿಸಿದ ಸೂಜಿ ನನ್ನ ಕಣ್ಣ ಮುಂದೆ ಬಂತು. ಬಂದರೂ ಬಾಯಿ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಪೂಜೆ ಮುಗಿದ ಮೇಲೆ ಗಂಗಾರಾಮ ಹೇಳಿದಂತೆ ಟವೆಲ್ಲಿನಿಂದ ಹೊರಗೆ ಹೊರಗೆ ಒರೆಸಿ, ಚೀಟಿಯನ್ನು ಮತ್ತೆ ಕಟ್ಟಿದೆ. ಕೈ ತನ್ನ ಅಭ್ಯಾಸದ ಗಂಟನ್ನೇ ಹಾಕಿತು.

ಪೆಟ್ಟಿಗೆಯ ಕೀಲಿ ಗಂಗಾರಾಮ ತನ್ನ ಜೇಬಿಗೆ ಹಾಕಿಕೊಂಡ. ಮೂರು ದಿನ ಆ ಕಬ್ಬಿಣದ ಪೆಟ್ಟಿಗೆ ದಸರೆಯ ಬಿಸಿಲಿಗೆ ಕಾಯ್ದ ಕೋಣೆಯಲ್ಲಿತ್ತು. ಒಳಗಿನ ಹಾಲು ಜೋನಿಬೆಲ್ಲವಾಗಿ, ಆಮೇಲೆ ಗೋಂದಿನಂತೆ ಗಟ್ಟಿಯಾಗಿರಬೇಕು.

ಪಿಸ್ತೂಲು ಪರೀಕ್ಷೆಗೆ ಬೀಳಗಿಯ ಕಡೆಯ ಗುಡ್ಡದ ಬುಡಕ್ಕೆ ಹೋದೆವು. ಪೊಲೀಸರು ಗುರಿ ಅಭ್ಯಾಸ ಮಾಡುವ ಬಯಲು ಅದು. ಎದುರಿಗೆ ಮಣ್ಣಿನ ಏರಿ, ಅದರ ಮುಂದೆ ಹಲಗೆಗೆ ಅಂಟಿಸಿದ ಕಾಗದದ ಮನುಷ್ಯ. ಇನ್ಸ್‌ಪೆಕ್ಟರ್ ಬಂದಿದ್ದರು. ಫೋಟೋ ತೆಗೆಯಲು ಮುಧೋಳದ ಸ್ಟುಡಿಯೋದಿಂದ ಬಾಳು ಬಂದಿದ್ದ. ಇಪ್ಪತ್ತೆರಡರ ಹುಡುಗ, ಆ ವರ್ಷವೇ ಮದುವೆಯಾಗಿದ್ದ. ಮೊದಲ ಗುಂಡು ಅಂಗರಕ್ಷಕನದಲ್ಲ, ತಮ್ಮದೇ ಆಗಬೇಕೆಂದು ಅಧ್ಯಕ್ಷರು ಬಿಳಿ ಬಟ್ಟೆ ಹಾಕಿಕೊಂಡು ಬಂದಿದ್ದರು.

ಹುಲೆಪ್ಪ ಪೆಟ್ಟಿಗೆಯಿಂದ ಪಿಸ್ತೂಲು ಎತ್ತಿಕೊಂಡ. ಕುಂಕುಮದ ಕಲೆ ಕಂಡ. ಚೀಟಿ ತಿರುಗಿಸಿ ದಾರ ನೋಡಿದ. ಅವನ ಮುಖ ಕೆಂಪಾದದ್ದು ನನಗೆ ಹತ್ತು ಮಾರು ದೂರದಿಂದಲೇ ಕಾಣಿಸಿತು.

“ಇದನ್ನ ಯಾರ ಬಿಚ್ಚೀರಿ?”

ಅಧ್ಯಕ್ಷರು ತಮ್ಮ ಬಿಳಿ ಅಂಗಿಯ ತೋಳು ನೇರ ಮಾಡಿಕೊಂಡರು.

“ಚೀಟಿ ಮ್ಯಾಲಿನ ಸಹಿ ನಂದು. ಗಂಟು ನಂದಲ್ಲ. ಯಾರ ಬಿಚ್ಚೀರಿ ಹೇಳ್ರಿ. ಯಾರರ ಒಳಗ ಏನರ ಹಾಕೀರೇನು?”

ಎಲ್ಲರ ಮುಖವನ್ನೂ ನೋಡುತ್ತ ಬಂದ. ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದ. ನಾನು ಗುಡ್ಡದ ಮೇಲೆ ಮೇಯುತ್ತಿದ್ದ ಆಡುಗಳನ್ನು ನೋಡಿದೆ. ಎಷ್ಟು ಆಡು ಇದ್ದವೆಂದು ಇವತ್ತಿಗೂ ಹೇಳಬಲ್ಲೆ. ಹನ್ನೊಂದು.

“ಹತ್ತ ಮಿನಿಟ ಕೊಡ್ರಿ, ಬಿಚ್ಚಿ ನೋಡ್ತೇನಿ” ಎಂದ ಹುಲೆಪ್ಪ.

ಗಂಗಾರಾಮ ಸಿಡುಕಿದ. “ನಿಂದ ಸಹಿ ಐತಿ, ಸ್ವಚ್ಛ ಅಂತ ನೀನ ಬರದೀದಿ. ಮತ್ತೇನ ಬಿಚ್ಚತೀ? ಮುಹೂರ್ತ ಮೀರಾಕತ್ತೈತಿ.”

“ಮುಹೂರ್ತ ಗುಂಡಿಗೆ ಗೊತ್ತಿಲ್ರೀ!”

“ಏ ಹುಲೆಪ್ಪ, ಸಾಕ್ ನಿನ್ನ ಮಿಲ್ಟ್ರಿ” ಎಂದು ಅಧ್ಯಕ್ಷರು ನಕ್ಕು ಪಿಸ್ತೂಲನ್ನು ಅವನ ಕೈಯಿಂದ ತೆಗೆದುಕೊಂಡರು. ಹುಲೆಪ್ಪ ಬೆನ್ನು ಹತ್ತಿದ. ಹಾಗಾದರೆ ಒಂದೇ ಗುಂಡು ಹಾಕಿರಿ, ಹೊಸ ಹತ್ಯಾರಕ್ಕೆ ಮೊದಲು ಒಂದೇ ಹಾಕುವುದು ಎಂದು ಅಂಗಲಾಚಿದ. ಆ ಮನುಷ್ಯ ಯಾರಿಗಾದರೂ ಅಂಗಲಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಂಟು ಹಿಡಿಯುವುದಾದರೆ ಎಂಟೂ ಹಾಕುವುದೇ ಎಂದರು ಅವರು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು.

ಅಧ್ಯಕ್ಷರು ಗುಂಡು ತುಂಬಿದ್ದ ಪಟ್ಟಿಯನ್ನು ಹಿಡಿಕೆಗೆ ತಳ್ಳಿದರು. ಮೇಲಿನ ಭಾಗವನ್ನು ಹಿಂದಕ್ಕೆ ಎಳೆದರು. ಎಳೆದವರು ಏರಿಯ ಕಡೆ ನಿಲ್ಲದೆ, “ಬಾಳು, ಇದನ್ನ ಹೊಡಿ” ಎಂದು ಕ್ಯಾಮೆರಾದ ಕಡೆ ತಿರುಗಿದರು. ಪಿಸ್ತೂಲೂ ತಿರುಗಿತು. ಬಾಳು ಒಂದು ಕಣ್ಣು ಮುಚ್ಚಿ ನಗುತ್ತ ನಿಂತಿದ್ದ.

ಹುಲೆಪ್ಪ ಹಾರಿದ. ಬಲಗೈಯಿಂದ ನಳಿಗೆಯನ್ನು ಹಿಡಿದು ನೆಲಕ್ಕೆ ಒತ್ತಿದ. ಅದೇ ಹೊತ್ತಿಗೆ ಅಧ್ಯಕ್ಷರು ಎಳೆದದ್ದನ್ನು ಬಿಟ್ಟರು. ಕುದುರೆಯ ಮೇಲೆ ಅವರ ಬೆರಳಿರಲಿಲ್ಲ, ಇದನ್ನು ನಾನು ಯಾವ ದೇವರ ಮುಂದೆಯೂ ಹೇಳುತ್ತೇನೆ. ಆದರೂ ಎರಡು ಸಲ ಢಂ ಢಂ ಎಂದಿತು. ಮೂರನೆಯದು ಹಾರಲಿಲ್ಲ, ಯಾಕೆಂದರೆ ಹುಲೆಪ್ಪನ ಮುಷ್ಟಿ ಮೇಲಿನ ಭಾಗವನ್ನು ಅಲುಗಾಡಲು ಬಿಡಲಿಲ್ಲ. ಮೊದಲ ಗುಂಡು ಅವನ ತೋರುಬೆರಳು ಮತ್ತು ನಡುಬೆರಳನ್ನು ಒಯ್ದಿತು. ಎರಡನೆಯದು ಬಾಳುವಿನ ಕಾಲ ಮುಂದಿನ ಮಣ್ಣಿನಲ್ಲಿ ಹೋಯಿತು.

ಅಧ್ಯಕ್ಷರು ಬಿಳಿ ಬಟ್ಟೆಗೆ ರಕ್ತ ಸಿಡಿದದ್ದನ್ನು ನೋಡಿ ಕೂಗಿಕೊಂಡರು. ಹುಲೆಪ್ಪ ಕೂಗಲಿಲ್ಲ. ಎಡಗೈಯಿಂದ ಪಿಸ್ತೂಲಿನ ಪಟ್ಟಿ ಕಳಚಿ, ಮೂತಿ ಏರಿಯ ಕಡೆಗೇ ಇರುವಂತೆ ಅದನ್ನು ನೆಲಕ್ಕಿಟ್ಟು, “ಇನ್ಸ್‌ಪೆಕ್ಟರ್ ಸಾಹೇಬರ, ಇದಕ್ಕ ಈಗ ಸೀಲ್ ಹಾಕ್ರಿ. ಯಾರೂ ಮುಟ್ಟಬಾರದು” ಎಂದ. ಆಮೇಲೆ ಕೂತ.

ಒಂದು ತಿಂಗಳ ನಂತರ ಕಾರ್ಖಾನೆಯ ಅತಿಥಿಗೃಹದಲ್ಲಿ ವಿಚಾರಣೆ ಇಟ್ಟರು. ಇನ್ಸ್‌ಪೆಕ್ಟರ್ ಸೀಲು ಹಾಕಿದ ಪಿಸ್ತೂಲು ತಂದಿದ್ದರು, ಹೇಳಿಕೆ ಬರೆದುಕೊಳ್ಳಲು ನಾನು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದೆ. ವಿಚಾರಣೆಯ ತೀರ್ಮಾನವನ್ನು ಗಂಗಾರಾಮ ಹಿಂದಿನ ದಿನವೇ ನನ್ನ ಕೈಯಲ್ಲಿ ಟೈಪ್ ಮಾಡಿಸಿದ್ದ. ‘ಕಾವಲುಗಾರ ಹುಲೆಪ್ಪ ಇವರು ಹತ್ಯಾರವನ್ನು ಸರಿಯಾಗಿ ಸ್ವಚ್ಛಗೊಳಿಸದೆ ಸುಳ್ಳು ಚೀಟಿ ಕಟ್ಟಿದ್ದರಿಂದ ಅಪಘಾತ ಸಂಭವಿಸಿದೆ.’ ಸುಳ್ಳು ಚೀಟಿ ಎಂಬ ಶಬ್ದ ಹೊಡೆಯುವಾಗ ಬೆರಳು ತಡೆಯಿತು ಎಂದು ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕನಿಕರ ಬಂದೀತು. ತಡೆಯಲಿಲ್ಲ. ಮೂರು ಪ್ರತಿ ತೆಗೆದೆ.

ಹುಲೆಪ್ಪ ಕೈಗೆ ಪಟ್ಟಿ ಸುತ್ತಿಕೊಂಡು ಬಂದ. ಗಂಗಾರಾಮ ಕಾಗದ ಮುಂದೆ ತಳ್ಳಿ, “ಎಡಗೈ ಹೆಬ್ಬಟ್ಟು ಒತ್ತು ಸಾಕು. ಕೆಲಸಾ ಏನ ತಗಿಯಂಗಿಲ್ಲ” ಎಂದ.

ಹುಲೆಪ್ಪ ಕಾಗದವನ್ನು ನಿಧಾನವಾಗಿ ಓದಿದ. ಕುತ್ತಿಗೆಯ ನರ ಉಬ್ಬಿದವು. “ಕೆಲಸಾ ತಕ್ಕೊಂಡ ಏನ ಮಾಡ್ಲಿ? ಸುಳ್ಳ ಚೀಟಿ ಕಟ್ಟಿದಾಂವ ಅಂತ ಬರದೀರಿ. ಬೆರಳ ಹೋದೂವು, ಹೋಗ್ಲಿ. ಇದನ್ನ ಬಿಡಾಂವ ಅಲ್ಲ ನಾ. ಮೊದ್ಲ ಸೀಲ್ ಒಡೀರಿ ಸಾಹೇಬರ. ನಾ ಬಿಚ್ಚತೇನಿ.”

ಇನ್ಸ್‌ಪೆಕ್ಟರ್ ಸೀಲು ಒಡೆದರು. ಎಡಗೈ ಒಂದರಿಂದಲೇ, ನಡುನಡುವೆ ಹಲ್ಲಿನಿಂದ ಕಚ್ಚಿ ಹಿಡಿದು, ಹುಲೆಪ್ಪ ಪಿಸ್ತೂಲನ್ನು ಬಿಚ್ಚಿದ. ಸೂಜಿ ಹೊರಗೆ ಬರಲೊಲ್ಲದು. ಮೇಜಿಗೆ ಕುಟ್ಟಿದ, ಮತ್ತೆ ಕುಟ್ಟಿದ. ಕಡೆಗೆ ಅದು ಕಪ್ಪು ಕಂದು ಅಂಟು ಮೆತ್ತಿಕೊಂಡು ಹೊರಬಂತು.

“ಹಳೇ ಗ್ರೀಸ್. ನೀ ತಗದಿಲ್ಲ” ಎಂದ ಗಂಗಾರಾಮ.

“ಹಂಗಾರ ನಾಲಿಗಿಗೆ ಹಚ್ಚಿ ನೋಡ್ರಿ.”

ಗಂಗಾರಾಮ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿದ. ಅವನ ಗಂಟಲು ಆಡಿತು. “ಗ್ರೀಸೇ” ಎಂದ, ಇನ್ಸ್‌ಪೆಕ್ಟರರ ಕಣ್ಣಿಗೆ ಕಣ್ಣು ಕೊಟ್ಟು. ಅವನ ಎದೆಗಾರಿಕೆಗೆ ನನಗೆ ಇವತ್ತೂ ಮೈ ಉರಿಯುತ್ತದೆ.

ಹುಲೆಪ್ಪ ಸೂಜಿಯನ್ನು ನನ್ನ ಟೈಪ್‌ರೈಟರಿನ ಮುಂದೆ ಹಿಡಿದ. “ನೀ ನೋಡಿ ಹೇಳು ನಾಮದೇವ.”

ಗಂಗಾರಾಮನ ಕಣ್ಣು ನನ್ನ ಮೇಲೆ. ನೆಕ್ಕಿದರೆ ಹೇಳಬೇಕು, ಹೇಳಿದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಮತ್ತೆ ಮಗ್ಗದ ಕುಣಿ. ತಪ್ಪಿಸಿಕೊಳ್ಳಲು ಸಿಕ್ಕ ಮೊದಲ ನೆಪ ಹೇಳಿದೆ.

“ನಾ ಸಿಹಿ ತಿನ್ನಂಗಿಲ್ರಿ. ಡಾಕ್ಟರು ಬ್ಯಾಡ ಅಂದಾರ.”

ನಾನು ಏನು ಹೇಳಿದೆ ಎಂಬುದು ನನಗೇ ಆಮೇಲೆ ತಿಳಿಯಿತು.

“ಸಿಹಿ ಅಂತ ಇಲ್ಲಿ ಯಾರೂ ಹೇಳಿಲ್ಲಲ್ಲೋ” ಎಂದ ಹುಲೆಪ್ಪ.

ಇನ್ಸ್‌ಪೆಕ್ಟರ್ ಕೈ ಚಾಚಿ ಸೂಜಿ ತೆಗೆದುಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿದರು. “ಬೆಲ್ಲ” ಎಂದರು. ನನ್ನತ್ತ ತಿರುಗಿ, “ಎದ್ದು ನಿಲ್ಲು. ಎಲ್ಲಾ ಹೇಳು” ಎಂದರು.

ಹೇಳಿದೆ. ತಂಬಿಗೆ, ಬಟ್ಟೆ, ಚೀಟಿ, ಟವೆಲ್ಲು, ಗಂಟು, ಎಲ್ಲವನ್ನೂ. ಧೈರ್ಯ ಬಂದು ಹೇಳಿದ್ದಲ್ಲ, ಮುಚ್ಚಿಡಲು ಏನೂ ಉಳಿದಿರಲಿಲ್ಲ. ಇನ್ಸ್‌ಪೆಕ್ಟರ್ ನಾನು ಟೈಪ್ ಮಾಡಿದ ಮೂರೂ ಪ್ರತಿಗಳನ್ನು ಹರಿದರು. ಹುಲೆಪ್ಪ ನೋಡಿ ಸಹಿ ಮಾಡಿದ ಮೇಲೆ ಬೇರೆಯವರು ಹತ್ಯಾರದೊಳಗೆ ಕಬ್ಬಿನ ಹಾಲು ಹಾಕಿದ್ದಾರೆ, ಹುಲೆಪ್ಪನ ತಪ್ಪೇನೂ ಇಲ್ಲ ಎಂದು ತಾವೇ ಕೈಯಾರೆ ಬರೆದರು. ‘ಬೇರೆಯವರು’ ಯಾರೆಂದು ಅವರೂ ಬರೆಯಲಿಲ್ಲ. ಅಧ್ಯಕ್ಷರು ಮತ್ತೆ ಎರಡು ಸಲ ಅಧ್ಯಕ್ಷರಾದರು. ಗಂಗಾರಾಮನ ಕೂದಲೂ ಕೊಂಕಲಿಲ್ಲ. ನನ್ನನ್ನು ಮಾತ್ರ ಆಫೀಸಿನಿಂದ ಎತ್ತಿ ಗೇಟಿನ ಪಕ್ಕದ ಕಬ್ಬು ತೂಗುವ ಕಾಟಾಕ್ಕೆ ಹಾಕಿದರು.

ವಿಚಾರಣೆ ಮುಗಿದ ಸಂಜೆ ಹುಲೆಪ್ಪನ ಹಿಂದೆ ಗೇಟಿನ ತನಕ ನಡೆದೆ. ತಪ್ಪಾಯಿತು ಎಂದೆ. ಅವನು ನಿಂತು ತಿರುಗಿದ.

“ಇವತ್ತ ನೀ ಹೇಳಿಲ್ಲ, ನಿನ್ನ ಬಾಯಿ ಜಾರಿತು. ಬನಹಟ್ಟಿ ಗಂಟು ನಂಗ ಗೊತ್ತಾಗೂದಿಲ್ಲಂತ ತಿಳದಿದ್ಯಾ? ಗುಡ್ಡದಾಗ ನಿನ್ನ ಮಾರಿ ನೋಡೇ ಕೇಳಿದ್ನಿ. ನೀ ಆಡ ಎಣಸಾಕತ್ತಿದ್ದಿ. ಒಂದ್ ಮಾತ್ ಅಂದಿದ್ರ ನನ್ನ ಕೈ ಇರ್ತಿತ್ತಲೋ!”

ಅಷ್ಟು ಹೇಳಿ ಹೋದ.

ಹುಲೆಪ್ಪ ಕೆಲಸ ಬಿಡಲಿಲ್ಲ. ಎಡಗೈಯಲ್ಲಿ ಬಿಚ್ಚುವುದನ್ನು ಕಲಿತ, ಎಡಗೈಯಲ್ಲಿ ಸಹಿ ಕಲಿತ. ದಾರ ಕಟ್ಟುವುದು ಮಾತ್ರ ಆಗಲಿಲ್ಲ. ಮೊದಲ ಶನಿವಾರ ಬಂದೂಕಿನ ಕೋಣೆಯಿಂದ ಕೂಗು ಬಂತು, “ನಾಮದೇವ, ಬಾ ಇಲ್ಲೆ.” ಹೋದೆ. ಕಾವಲುಗಾರರೆಲ್ಲ ಸಾಲಾಗಿ ನಿಂತಿದ್ದರು. ಬಿಚ್ಚಿದ ಬಂದೂಕನ್ನು ನನ್ನ ಮುಂದೆ ಹಿಡಿದು, ಒಳಗೆಲ್ಲ ತೋರಿಸಿ, ಜೋಡಿಸಿ, “ನೋಡಿದಿ?” ಎಂದ. ಎಲ್ಲರಿಗೂ ಕೇಳುವಂತೆ “ನೋಡಿದೆ” ಎನ್ನಬೇಕು. ಆಮೇಲೆ “ಕಟ್ಟು” ಎನ್ನುತ್ತಿದ್ದ. ನಾನು ಚೀಟಿ ಕಟ್ಟುತ್ತಿದ್ದೆ. ಆರು ಬಂದೂಕು, ಆರು ಸಲ. ಒಮ್ಮೆ ಲಾರಿಗಳು ಸಾಲುಗಟ್ಟಿದ್ದವೆಂದು ಅವಸರದಲ್ಲಿ ನೋಡದೆಯೇ ಕಟ್ಟಿದೆ. ಕತ್ತರಿ ತಂದು ದಾರ ಕತ್ತರಿಸಿ ಚೀಟಿಯನ್ನು ನನ್ನ ಮುಖಕ್ಕೆ ಎಸೆದ. ಮತ್ತೆ ಮೊದಲಿನಿಂದ ಮಾಡಿಸಿದ. ಆ ಶನಿವಾರಗಳನ್ನು ನಾನು ದ್ವೇಷಿಸಿದೆ. ಅದು ಅವನಿಗೂ ಗೊತ್ತಿತ್ತು. ಐದು ವರ್ಷ ಒಂದು ಶನಿವಾರವನ್ನೂ ಬಿಡಲಿಲ್ಲ.

ಅವನು ನಿವೃತ್ತನಾಗುವ ವಾರ, ಕೊನೆಯ ಬಂದೂಕಿನ ಚೀಟಿ ಕೈಯಲ್ಲಿ ಹಿಡಿದು ಕೇಳಿಯೇಬಿಟ್ಟೆ.

“ನನ್ನ ಮ್ಯಾಲಿನ ಸಿಟ್ಟು ಇನ್ನೂ ಐತೇನ್ರಿ?”

ಹುಲೆಪ್ಪ ಉಳಿದ ಮೂರು ಬೆರಳಿನಲ್ಲಿ ನಳಿಗೆ ಆನಿಸಿ ಹಿಡಿದಿದ್ದ. ನನ್ನ ಮುಖ ನೋಡಿದ.

“ಐತಿ. ನೋಡಿದಿ?”

“ನೋಡಿದೆ.”

“ಕಟ್ಟು” ಎಂದ. ಕಟ್ಟಿದೆ.